ಹೆಬ್ಬೆರಳಿನ ತಗ್ಗು

ಸತ್ತ ಗಂಡ ಕಲ್ಮೇಶನ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೊದಲ ಬೆಳಿಗ್ಗೆ ಪ್ರಿಯದರ್ಶಿನಿ ಬಡಿಗ ಅಮೋಘಸಿದ್ಧನ ಮನೆಗೆ ಬಂದಳು. "ಕಾಕಾ, ನಿಮ್ಮ ಅರ ತಗೋರಿ," ಎಂದಳು. ಮರ ತಿಕ್ಕುವ ಆ ಕಬ್ಬಿಣದ ಅರವನ್ನು ಎರಡು ದಿನಕ್ಕೆಂದು ಕಲ್ಮೇಶ ಒಯ್ದು ಎಂಟು ವರ್ಷವಾಗಿತ್ತು. ಚಾಚಿದಳೇ ಹೊರತು, ಬೆರಳು ಸಡಿಲಿಸಲಾಗಲಿಲ್ಲ.

ಹೋದ ತಿಂಗಳು ಕಲ್ಮೇಶ ಇದೇ ಅರದಿಂದ ಸಾಲೋಟಗಿ ಗೌಡರ ಹಳೆಯ ಪಿಸ್ತೂಲಿನ ಮರದ ಹಿಡಿಕೆಯನ್ನು ನಯಗೊಳಿಸಿದ್ದ. ಗೌಡರ ಅಜ್ಜನ ಹೆಬ್ಬೆರಳು ಅಲ್ಲಿ ಸವೆಸಿದ್ದ ತಗ್ಗನ್ನು ಮಾತ್ರ ಮುಟ್ಟಿರಲಿಲ್ಲ. "ಇದನ್ನ ಸಪಾಟ ಮಾಡಿದ್ರ ಮುದುಕ ಇನ್ನೊಮ್ಮಿ ಸತ್ತಂಗ," ಎಂದು ನಕ್ಕಿದ್ದ.

ಅರದ ಹಿಡಿಕೆಯಲ್ಲೂ ಅಂಥದೇ ತಗ್ಗಿತ್ತು, ಕಲ್ಮೇಶನದು. ಅಮೋಘಸಿದ್ಧ ಅದನ್ನು ನೋಡಿದ. ಅರವನ್ನು ಮೆಲ್ಲಗೆ ಬಿಡಿಸಿಕೊಂಡು, ಕಟ್ಟೆಗೆ ಕುಟ್ಟಿ ಹಿಡಿಕೆ ಕಳಚಿ ಅವಳ ಅಂಗೈಗಿಟ್ಟ.

"ಕಬ್ಬಿಣ ಅಷ್ಟ ನಂದು, ಯವ್ವಾ."

ಅವಳ ಹೆಬ್ಬೆರಳು ತಗ್ಗಿನಲ್ಲಿ ಕೂತಿತು.