ಕದಿರಪ್ಪನ ಗಡ್ಡ

ಊರಿನ ಕ್ಷೌರದಂಗಡಿಯಲ್ಲಿ ಕದಿರಪ್ಪನಿಗೆ ಯಾವತ್ತೂ ಕೂದಲು ಕತ್ತರಿಸಲಿಲ್ಲ. ಅವನ ಜಾತಿಯವರು ಅಲ್ಲಿಯ ಕುರ್ಚಿಯ ಮೇಲೆ ಕೂರಬಾರದೆಂದು ಪಟೇಲರು ಕಟ್ಟಳೆ ಮಾಡಿದ್ದರು. ಆ ಕುರ್ಚಿ ಸಿಗುವವರೆಗೆ ಮೈಗೆ ಕತ್ತರಿ ಮುಟ್ಟಿಸುವುದಿಲ್ಲವೆಂದು ಕದಿರಪ್ಪ ಹಟ ಹಿಡಿದ. ಮೊಮ್ಮಕ್ಕಳು ಜೋತಾಡುವಷ್ಟು ಗಡ್ಡ ಬಿಟ್ಟುಕೊಂಡೇ ಕೇರಿಯ ಜಗಳ ಬಿಡಿಸಿದ, ಮದುವೆ ಮಾಡಿಸಿದ, ತೊಂಬತ್ತು ದಾಟಿ ಸತ್ತ.

ಎದುರಾದಾಗಲೆಲ್ಲ ಅವನಿಂದ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ ಪಟೇಲರು ತಿಥಿಯ ದಿನ ತಾವೇ ಕೇರಿಗೆ ಬಂದರು. ಜೊತೆಗೆ ಕ್ಯಾಮೆರಾ ಹಿಡಿದ ಪೇಪರಿನವನಿದ್ದ.

“ದೊಡ್ಡ ಜೀವ ಕಣಪ್ಪ ನಿಮ್ಮಪ್ಪ. ಆಗಿದ್ದು ಆಗೋಯ್ತು. ನಡಿ, ನಮ್ಮ ಅಂಗಡೀಲೇ ತಲೆ, ಗಡ್ಡ ಎಲ್ಲಾ ಬೋಳಿಸ್ಕೊ. ಊರಾಗೆ ಭೇದ ಇಲ್ಲ ಅಂತ ಒಂದು ಫೋಟೊ ಬರ್ಲಿ.”

ಕದಿರಪ್ಪನ ಮಗ ಕುರುಚಲು ಗಡ್ಡ ಕೆರೆದುಕೊಂಡ.

“ಪಟೇಲ್ರೇ, ಹೋದ ವರ್ಷ ಟೌನ್ ಬಸ್ ಸ್ಟ್ಯಾಂಡ್‌ನಾಗೆ ಯಾರೋ ಸ್ವಾಮಿಗೋಳ ಕಾಲಿಗೆ ಬಿದ್ದಿದ್ರಲ್ಲ?”

“ಹೂಂ ಕಣಯ್ಯ, ಮಹಾತ್ಮರು! ಏನು ಗಡ್ಡ, ಏನು ತೇಜಸ್ಸು! ತುಟಿ ಬಿಚ್ಚದೆ ನನ್ನ ತಲೆ ಮ್ಯಾಲೆ ಕೈ ಇಟ್ರು. ಅದಕ್ಕೇನೀಗ?”

“ಅದು ನಮ್ಮಪ್ಪ. ನಂಗೂ ನಿಮ್ಮ ತಲೆ ಮ್ಯಾಲೆ ಕೈ ಇಡೋ ಆಸೆ ಐತೆ. ನಾನು ಬೋಳಿಸ್ಕೊಳ್ಳಾಕಿಲ್ಲ.”