ವಿನಾಕಾರಣ ಬೊಗಳಿದ ನಾಯಿ

ನಾಯಿ ಬೊಗಳಿದ್ದು ಸಕಾರಣವೋ ವಿನಾಕಾರಣವೋ ಎಂಬುದನ್ನು ತೀರ್ಮಾನಿಸಲು ಗ್ರಂಥಾಲಯದ ಓದುಕೋಣೆಯಲ್ಲಿ ವಿಚಾರಣೆ ನಡೆದಿತ್ತು. ಮೇಜಿನ ಆಚೆ ಅಂಗವಿಕಲರ ಹಕ್ಕುಗಳ ಅಧಿಕಾರಿ, ಅವರ ಪಕ್ಕದಲ್ಲಿ ಮುಖ್ಯ ಗ್ರಂಥಪಾಲಕರು. ಈಚೆ, ಓದುಗರಿಗೆ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೆಲಸದ ಅಕ್ಕ. ಅವಳ ಪಾದದ ಬಳಿ ಕೊತ್ವಾಲನೆಂದು ಕರೆಸಿಕೊಳ್ಳುವ ಕಂದು ನಾಯಿ. ಹಿಂದೆ ಗೋಡೆಗೆ ಬೆನ್ನು ಕೊಟ್ಟು ನಿಂತ ಅವಳ ತಮ್ಮ.

"ಮೊದಲೇ ಹೇಳಿಬಿಡ್ತೀನಿ," ಎಂದರು ಅಧಿಕಾರಿ. "ಕೆಲಸದ ಜಾಗಕ್ಕೆ ಸಹಾಯದ ನಾಯಿ ಕರ್ಕೊಂಡು ಬರೋದು ಈಯಮ್ಮನ ಹಕ್ಕು. ಕಾರಣ ಇಲ್ಲದೆ ಬೊಗಳಿ ತೊಂದರೆ ಕೊಟ್ರೆ ಅದನ್ನ ಹೊರಗೆ ಹಾಕೋದು ನಿಮ್ಮ ಹಕ್ಕು. ಎರಡೂ ಒಂದೇ ಕಾನೂನಲ್ಲಿದೆ."

"ಒಂದು ಸಲ ಎರಡು ಸಲ ಆದ್ರೆ ಸಹಿಸಿಕೊಳ್ತಿದ್ವಿ ಸಾರ್," ಗ್ರಂಥಪಾಲಕರು ಮುಖ ಹಿಂಡಿದರು. "ಓದ್ತಾ ಇರೋರು ಬೆಚ್ಚಿಬೀಳ್ತಾರೆ. ಇದು ಬೊಗಳುತ್ತೆ, ಈಯಮ್ಮ ಇದ್ದಲ್ಲೇ ನೆಲದ ಮೇಲೆ ಉದ್ದಕ್ಕೆ ಮಲಗ್ತಾರೆ, ಸ್ವಲ್ಪ ಹೊತ್ತಿಗೆ ಎದ್ದು ಬಟ್ಟೆ ಕೊಡವಿಕೊಳ್ತಾರೆ. ಏನೂ ಆಗಿರಲ್ಲ. ಇವರು ಬಿದ್ದಿದ್ದನ್ನ ಇಲ್ಲಿ ಒಬ್ಬರಾದ್ರೂ ಕಂಡಿಲ್ಲ."

"ಬೀಳಬಾರದು ಅಂತ ತಾನೇ ಸಾರ್ ಮಲಗೋದು?" ಅಕ್ಕ ಮೆಲ್ಲಗೆ ನಕ್ಕಳು. "ಕೊಡೆ ಹಿಡಿದೋಳನ್ನ ನಿಲ್ಲಿಸಿ, ನೀನು ನೆಂದಿಲ್ಲ, ಹಾಗಾದ್ರೆ ಮಳೇನೇ ಬಂದಿಲ್ಲ ಅಂದ ಹಾಗಾಯ್ತು."

ತಮ್ಮನಿಗೆ ನಗು ಬರಲಿಲ್ಲ. ನಿಂತಲ್ಲೇ ಅಕ್ಕನ ರಕ್ತದೊತ್ತಡ ಕುಸಿದು, ಬುಡ ಕಡಿದ ಮರದಂತೆ ಅವಳು ಉರುಳುತ್ತಿದ್ದ ಕಾಲವನ್ನು ಬಲ್ಲವನು ಅವನೊಬ್ಬನೇ. ಹುಬ್ಬಿನ ಮೇಲೆ ಹೊಲಿಗೆ ಬಿದ್ದಿತ್ತು, ದವಡೆ ಮುರಿದಿತ್ತು. ಕೊನೆಯ ಸಲ ಮೆಟ್ಟಿಲಂಚಿಗೆ ತಲೆ ಬಡಿದು, ಸಾಕಿ ಬೆಳೆಸಿದ ತಮ್ಮನನ್ನೇ ಬಹುದಿನ ಗುರುತಿಸದೆ ಮಲಗಿದ್ದಳು. "ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ," ಎಂದು ವೈದ್ಯರು ಮೇಲೆ ನೋಡಿ ಕೈ ಮುಗಿದಿದ್ದರು. ಆಮೇಲೆ ಬಂದವನು ಕೊತ್ವಾಲ. ಬರಲಿರುವ ಮೂರ್ಛೆಯನ್ನು ಮುಂಚೆಯೇ ಅರಿತು ಅವನು ಕೂಗುತ್ತಾನೆ, ಅವಳು ಮಲಗುತ್ತಾಳೆ, ಗಂಡಾಂತರ ಅವಳ ಮೇಲಿಂದ ಹಾದುಹೋಗುತ್ತದೆ. ಅವನು ಬಂದಂದಿನಿಂದ ಅವಳು ಬಿದ್ದಿಲ್ಲ. ಆ ಪುಣ್ಯವೇ ಇಂದು ಅವಳ ವಿರುದ್ಧ ಸಾಕ್ಷಿಯಾಗಿ ನಿಂತಿತ್ತು. ಆಗದೇ ಹೋದ ಅನಾಹುತಕ್ಕೆ ಪ್ರತ್ಯಕ್ಷ ಪ್ರಮಾಣವನ್ನು ಎಲ್ಲಿಂದ ತರುವುದು?

"ವೈದ್ಯರ ಪತ್ರ ಕೊಟ್ಟಿದ್ದಾರೆ," ಎಂದರು ಅಧಿಕಾರಿ.

"ಕಾಯಿಲೆ ಇರಬಹುದು ಸಾರ್, ನಾನು ಇಲ್ಲ ಅನ್ನಲ್ಲ. ನಾಯಿಗೆ ಅದು ಗೊತ್ತಾಗುತ್ತೆ ಅನ್ನೋದಕ್ಕೆ ಏನು ಆಧಾರ? ಅದು ಬೊಗಳಿದ್ದಕ್ಕೆಲ್ಲ ಇವರು ಮಲಗಿಬಿಟ್ರೆ, ಅದು ಹೇಳಿದ್ದು ನಿಜವೋ ಸುಳ್ಳೋ ತಿಳಿಯೋದು ಹೇಗೆ? ಒಂದು ಸಲ ತೋರಿಸಿ ಅಂತ ನೀವೇ ಕೇಳಿ."

"ಕೇಳೋ ಹಾಗಿಲ್ಲ. ನಾಯಿ ಏನು ಕೆಲಸ ಕಲಿತಿದೆ ಅಂತ ಕೇಳಬಹುದು. ಮಾಡಿ ತೋರಿಸು ಅನ್ನಬಾರದು. ಕಾನೂನು ಅಷ್ಟು ಮರ್ಯಾದೆ ಕೊಟ್ಟಿದೆ." ಅಧಿಕಾರಿ ನಿಟ್ಟುಸಿರಿಟ್ಟರು. "ಆದರೆ ಅಮ್ಮಾ, ಓದುಗರ ದೂರು ನನ್ನ ಕಣ್ಣೆದುರಿಗಿದೆ. ನಾಯಿ ಬೊಗಳಿದ ಮೇಲೆ ನೀವು ಬಿದ್ದಿದ್ದನ್ನ ಕಂಡವರು ಯಾರೂ ಇಲ್ಲ. ನಾನೇನು ಮಾಡಲಿ, ನೀವೇ ಹೇಳಿ?"

ಅಕ್ಕ ಉತ್ತರಿಸುವ ಮೊದಲೇ ಕೊತ್ವಾಲ ಎದ್ದು ನಿಂತು ಬೊಗಳಿದ.

"ನೋಡಿ, ಶುರುವಾಯ್ತು ಸಂಗೀತ ಕಛೇರಿ," ಎಂದರು ಗ್ರಂಥಪಾಲಕರು.

"ಅಕ್ಕಾ, ಮಲಗು," ತಮ್ಮ ಗೋಡೆ ಬಿಟ್ಟು ಬಂದ.

ಅವಳು ಮಲಗಲಿಲ್ಲ. ಬಗ್ಗಿ ನಾಯಿಯ ನೆತ್ತಿ ಸವರಿ ಮತ್ತೆ ನೆಟ್ಟಗಾದಳು.

"ಅಕ್ಕಾ!"

"ಸುಮ್ನಿರೋ. ಅವರು ಕೇಳಬಾರದು ಅಂತ ತಾನೇ ಇರೋದು? ನಾನು ತೋರಿಸಬಾರದು ಅಂತ ಎಲ್ಲೂ ಇಲ್ಲವಲ್ಲ." ಅವನು ಚಾಚಿದ ತೋಳನ್ನು ಅವಳು ಹಿಂದಕ್ಕೆ ತಳ್ಳಿದಳು. "ಹಿಡೀಬೇಡ ಕಣೋ. ಹಿಡಿದ್ರೆ ಇದೂ ನಾಟಕ ಅಂತಾರೆ. ನಾಯಿ ಹೋದ್ರೆ ಕೆಲಸ ಹೋಯ್ತು, ಕೆಲಸ ಹೋದ್ರೆ ನಾನು ಮತ್ತೆ ನಿನ್ನ ಮನೆ ಮೂಲೆಯ ಮಂಚಕ್ಕೆ. ದೂರ ನಿಲ್ಲು."

ಹುಟ್ಟಿದಾಗಿನಿಂದ ಅವಳ ಮಾತು ಮೀರಿ ಅಭ್ಯಾಸವಿಲ್ಲದವನು ದೂರ ನಿಂತ. ನಾಯಿ ಅವಳ ಬಟ್ಟೆಯಂಚನ್ನು ಹಲ್ಲಿನಲ್ಲಿ ಕಚ್ಚಿ ನೆಲದತ್ತ ಜಗ್ಗಿತು, ಬಿಟ್ಟು ಬೊಗಳಿತು, ಮತ್ತೆ ಜಗ್ಗಿತು. ಅದರ ಗಂಟಲಿನಿಂದ ಅಂಥ ದನಿ ಹಿಂದೆಂದೂ ಹೊರಟಿರಲಿಲ್ಲ. ಅಧಿಕಾರಿ ಕುರ್ಚಿಯಿಂದ ಅರ್ಧ ಎದ್ದು, "ಬೇಡ ಅಮ್ಮಾ, ಕೂತ್ಕೊಳ್ಳಿ, ಕೂತ್ಕೊಳ್ಳಿ," ಎನ್ನುವಷ್ಟರಲ್ಲಿ ಅವಳ ತುಟಿ ಬಿಳಿಚಿತು. ಕಣ್ಣು ಯಾರನ್ನೂ ನೋಡದಾಯಿತು. ಅವಳು ಹಿಂದಕ್ಕೆ ಉರುಳಿದಳು. ಕಲ್ಲುಹಾಸಿಗೆ ತಲೆ ಬಡಿದ ಸದ್ದು ಪುಸ್ತಕದ ಕಪಾಟುಗಳ ನಡುವೆ ಕೊನೆಯವರೆಗೂ ಹೋಗಿ ಬಂತು.

ಬೊಗಳುವುದು ನಿಂತಿತು. ತಮ್ಮ ಮಂಡಿಯೂರಿ ಅವಳ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅಂಗೈ ಬೆಚ್ಚಗೆ ತೊಯ್ದಿತು. "ಅಕ್ಕಾ" ಎಂದು ಎಷ್ಟು ಕರೆದರೂ ಅವಳು ಓಗೊಡಲಿಲ್ಲ.

"ನಾಯಿ ಬರಲಿ ಸಾರ್," ಗ್ರಂಥಪಾಲಕರ ಧ್ವನಿ ಉಡುಗಿಹೋಗಿತ್ತು. "ನಾಳೆಯಿಂದಲೇ ಬರಲಿ. ನಮ್ಮದೇನೂ ಅಡ್ಡಿಯಿಲ್ಲ."

ಯಾರ ಜೊತೆ ಬರಬೇಕೆಂದು ಅವರೂ ಹೇಳಲಿಲ್ಲ, ತಮ್ಮನೂ ಕೇಳಲಿಲ್ಲ.