ಟೋಕಿಯೋದಿಂದ ಓನೋ

ಹಫ್ಸಾಳ ಇ-ಮೇಲನ್ನು ಅವಳಿಗಿಂತ ಮೊದಲು ಯಾರೋ ಓದುತ್ತಿದ್ದರು. ಅವಳು ಮುಟ್ಟದ ಪತ್ರಗಳೂ ತೆರೆದು ಬಿದ್ದಿದ್ದವು. ಖಾತೆ ಎಲ್ಲೆಲ್ಲಿ ತೆರೆದಿದೆ ಎಂದು ಹುಡುಕಿದಳು. ಎರಡು ಕಡೆ. ಒಂದು ಅವಳ ಫೋನು. ಇನ್ನೊಂದು ಬಾಪನ ಅಂಗಡಿಯ ಕಂಪ್ಯೂಟರ್.

ಅವಳ ಬಾಪ ಅಬ್ದುಲ್ ಜಲೀಲರು ಸೌದಿಯ ಹಾಯಿಲ್‌ನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಜಪಾನಿ ಕಾರುಗಳ ಬಿಡಿಭಾಗದ ಅಂಗಡಿ ನಡೆಸುತ್ತಿದ್ದರು. ಮಗಳು ಶಾಲೆಯಲ್ಲಿದ್ದಾಗ ಆ ಖಾತೆ ತೆರೆದುಕೊಟ್ಟವರೂ ಅವರೇ. ಉಪ್ಪಿನಂಗಡಿಯಲ್ಲಿ ಒಂದು ಕಾಲಕ್ಕೆ ದಫ್ ಬಾರಿಸಿಕೊಂಡು ಹಾಡುತ್ತಿದ್ದ ಮನುಷ್ಯ. ಹೆಂಡತಿ ಸಿದ್ದೀಕಾ ತೀರಿಕೊಂಡ ಮೇಲೆ ಮನೆಯಲ್ಲಿ ರೇಡಿಯೋದ ಸದ್ದೂ ಇಲ್ಲ. ಬಾಯಲ್ಲಿ ಉಳಿದದ್ದು ಎರಡೇ ಮಾತು. "ಉಂಡ್ಯಾ?" ಮತ್ತು "ಬಾಗಿಲು ಹಾಕ್ಕೋ."

ಹಫ್ಸಾಳಿಗೆ ಆಗ ಹತ್ತೊಂಬತ್ತು. ಜೊತೆಗೆ ಓದಿದವರೆಲ್ಲ ಕಾಲೇಜಿಗೆಂದು ಮಂಗಳೂರು, ಮಣಿಪಾಲ ಸೇರಿದ್ದರು. ಅವಳೊಬ್ಬಳು ಹಾಯಿಲ್‌ನ ಮನೆಯ ಮೂರನೇ ಮಹಡಿಯಲ್ಲಿ ಕೂತು ದೂರಶಿಕ್ಷಣದಲ್ಲಿ ಪದವಿ ಓದುತ್ತಿದ್ದಳು. ಓದು ಮುಗಿದರೆ ಬಟ್ಟೆಯ ಕಪಾಟಿನೊಳಗೆ ತಲೆ ತೂರಿಸಿ ಹಾಡು ರೆಕಾರ್ಡ್ ಮಾಡುತ್ತಿದ್ದಳು. ಜಪಾನಿ ಹಾಡು. ಆ ಅಕ್ಷರಗಳನ್ನು ಅವಳು ಮೊದಲು ಕಂಡದ್ದು ಚಿಕ್ಕಂದಿನಲ್ಲಿ, ಬಾಪನ ತೊಡೆಯ ಮೇಲೆ ಕೂತು, ಅಂಗಡಿಯ ರಟ್ಟಿನ ಪೆಟ್ಟಿಗೆಗಳ ಮೇಲೆ. ಉಳಿದದ್ದನ್ನು ಕಾರ್ಟೂನು ಕಲಿಸಿತು. ಟೋಕಿಯೋದ ಗಾಯಕಿಯರಿಗೆ ತಾನು ಹಾಡು ಕಟ್ಟಿಕೊಡಬೇಕು. ಅಷ್ಟೇ ಆಸೆ. ಹೊರದೇಶದವರಿಂದಲೂ ಹಾಡು ಪಡೆಯುವ ಕಂಪನಿಗಳು ಅಲ್ಲಿವೆ ಎಂದು ಓದಿದ್ದಳು.

ಅಂಥದೊಂದು ದೊಡ್ಡ ಕಂಪನಿಗೆ ಮೊದಲ ಹಾಡು ಕಳಿಸಿ ಇಪ್ಪತ್ತು ದಿನವಾಗಿತ್ತು. ಉತ್ತರವಿಲ್ಲ. ಯಾಕಿಲ್ಲವೆಂದು ಈಗ ತಿಳಿಯಿತು, ಬಂದದ್ದನ್ನು ಬಾಪ ಅಳಿಸಿರಬೇಕು ಅಂದುಕೊಂಡಳು. ಕೂಡಲೇ ಪಾಸ್‌ವರ್ಡ್ ಬದಲಿಸಿದಳು. ಬಾಪನ ಹತ್ತಿರ ಕೇಳಲಿಲ್ಲ. ಕೇಳಿದರೆ ಹಾಡುವುದೂ ನಿಂತುಹೋದೀತು.

ನಾಲ್ಕನೆಯ ದಿನ ಪತ್ರ ಬಂತು. ಜಪಾನಿಯಲ್ಲಿತ್ತು.

"ನಾನು ಓನೋ. ಕಂಪನಿಗೆ ಬಂದ ಹಾಡು ಕೇಳುವವನು. ಇದು ನನ್ನ ಸ್ವಂತ ವಿಳಾಸ. ನಿಮ್ಮ ಹಾಡು ಈಗ ಬೇಡ. ಎರಡನೆಯ ಸಾಲಿನಲ್ಲಿ ಉಸಿರಿಗೆ ಜಾಗವಿಲ್ಲ. ಸರಿಮಾಡಿ ಮತ್ತೆ ಇಲ್ಲಿಗೇ ಕಳಿಸಿ."

ಅದನ್ನು ಅವಳು ಎಷ್ಟು ಸಲ ಓದಿದಳೋ ಲೆಕ್ಕವಿಲ್ಲ. ಅಷ್ಟು ದೂರದಲ್ಲಿ ಒಬ್ಬರು ಅವಳ ಉಸಿರನ್ನು ಕೇಳಿಸಿಕೊಂಡಿದ್ದರು.

ಎರಡು ವರ್ಷ ಹೀಗೇ ನಡೆಯಿತು. ಹಾಡು ಹೋಗುತ್ತಿತ್ತು, ಉತ್ತರ ಬರುತ್ತಿತ್ತು. ಬಂದರೆ ಹಾಯಿಲ್‌ನ ಅಂಗಡಿಗಳೆಲ್ಲ ಮುಚ್ಚಿರುವ ಮಧ್ಯಾಹ್ನದ ಹೊತ್ತಿಗೇ. ಟೋಕಿಯೋದಲ್ಲಿ ಆಗ ಕತ್ತಲಾಗಿರುತ್ತದೆ. ಪಾಪ, ಕೆಲಸ ಮುಗಿಸಿ ಬರೆಯುತ್ತಾರೆ ಎಂದು ಅವಳಿಗೆ ಕನಿಕರ. ಹೊಗಳಿಕೆ ಒಂದಕ್ಷರ ಇಲ್ಲ. ಮೂವತ್ತೊಂದು ಹಾಡು, ಮೂವತ್ತೊಂದು 'ಬೇಡ'. ಆದರೂ ಆ ದಿನಗಳಲ್ಲಿ ಅವಳ ಜೊತೆ ಮಾತಾಡುತ್ತಿದ್ದವರು ಅವರೊಬ್ಬರೇ. ಒಮ್ಮೆ ಜ್ವರದಲ್ಲೇ ಹಾಡಿ ಕಳಿಸಿದಳು. "ಗಂಟಲು ಕಟ್ಟಿದೆ. ಎರಡು ದಿನ ಹಾಡಬೇಡಿ," ಎಂದಷ್ಟೇ ಉತ್ತರ. ಅವತ್ತು ಗೋಡೆಗೆ ಮುಖಮಾಡಿ ಮಲಗಿ ಅತ್ತಳು.

ಅಂಗಡಿಯಲ್ಲಿ ಕೆಲಸಕ್ಕಿದ್ದ ಹಂಝ ಮನೆಗೆ ಸಾಮಾನು ತಂದಿಟ್ಟಾಗಲೆಲ್ಲ ಗೊಣಗುತ್ತಿದ್ದ. "ನಿನ್ನ ಬಾಪ ಮಧ್ಯಾಹ್ನ ಊಟಕ್ಕೂ ಏಳುದಿಲ್ಲ ಮಾರಾಯ್ತಿ. ಶಟರ್ ಎಳ್ದು ಕಂಪ್ಯೂಟರ್ ಎದ್ರು ಕೂತ್ರೆ ಕೂತ್ರೇ. ಎಂತ ಹುಡುಕ್ತಾರೋ!"

ಎಂತ ಹುಡುಕುತ್ತಾರೆಂದು ಹಫ್ಸಾಳಿಗೆ ಗೊತ್ತಿತ್ತು. ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಿದಳು.

ಮೂವತ್ತೆರಡನೆಯ ಹಾಡಿಗೆ ಓನೋ ಬೇರೆಯೇ ಬರೆದರು. "ಇದು ಸರಿಯಾಗಿದೆ. ನಮ್ಮಲ್ಲಿಗೆ ಬೇಡ. ಈ ಕೆಳಗಿನವರಿಗೆ ಕಳಿಸಿ." ಕೆಳಗೆ ಇನ್ನೊಂದು ಕಂಪನಿಯ ವಿಳಾಸ.

ಕಳಿಸಿದ ಹನ್ನೊಂದನೆಯ ದಿನ ಅಲ್ಲಿಂದ ಇಶಿದಾ ಎಂಬ ಹೆಂಗಸು ವಿಡಿಯೋ ಕರೆ ಮಾಡಿದಳು. ಹಾಡು ಆಯ್ಕೆಯಾಗಿದೆ. ಐದು ಹುಡುಗಿಯರ ತಂಡವೊಂದು ಹಾಡುತ್ತದೆ. ಏಪ್ರಿಲ್‌ನಲ್ಲಿ ಟೋಕಿಯೋಗೆ ಬಂದು ಒಂದು ವಾರ ನಮ್ಮವರ ಜೊತೆ ಕೂತು ಹಾಡು ಕಟ್ಟಬೇಕು. ಹಫ್ಸಾಳ ಕಣ್ಣು ತುಂಬಿತು. ತಲೆಬಾಗಿ ಕೂತುಬಿಟ್ಟಳು.

ಇಶಿದಾ ನಕ್ಕಳು. "ನಿಮ್ಮ ಜಪಾನಿ ಚೆನ್ನಾಗಿದೆ. ಪತ್ರ ಮಾತ್ರ ಗೋದಾಮಿನವರ ಹಾಗೆ. 'ಸರಕು ರವಾನಿಸಿದ್ದೇನೆ, ಪರಿಶೀಲಿಸಿ' ಅಂತ ಹಾಡಿಗೆ ಯಾರಾದರೂ ಬರೆಯುತ್ತಾರಾ? ಕಲಿಸಿದ್ದು ಯಾರು?"

"ಓನೋ ಅವರು," ಎಂದಳು ಹಫ್ಸಾ. ಆ ದೊಡ್ಡ ಕಂಪನಿಯ ಹೆಸರನ್ನೂ ಹೇಳಿದಳು.

ಇಶಿದಾಳ ನಗು ನಿಂತಿತು. "ಅಲ್ಲಿ ಹಾಡು ಕೇಳುವ ವಿಭಾಗದಲ್ಲಿ ಒಂಬತ್ತು ವರ್ಷ ನಾನೇ ಇದ್ದೆ. ಬಿಟ್ಟದ್ದು ಹೋದ ತಿಂಗಳು. ಓನೋ ಅಂತ ಅಲ್ಲಿ ಯಾರೂ ಇರಲಿಲ್ಲ. ಬೇಡವಾದ ಹಾಡಿಗೆ ನಾವು ಕಳಿಸುತ್ತಿದ್ದದ್ದು ಒಂದೇ ಸಾಲು. ಇನ್ನು ಮುಂದೆ ಕಳಿಸಬೇಡಿ ಅಂತ."

ಮಧ್ಯಾಹ್ನ ಎರಡು ಗಂಟೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಹಫ್ಸಾ ಬಿಸಿಲಲ್ಲೇ ನಡೆದು ಅಂಗಡಿಯ ಶಟರ್ ತಟ್ಟಿದಳು. ಜಲೀಲರು ಅರ್ಧಕ್ಕೆ ಎತ್ತಿದರು. ಅವಳು ಬಗ್ಗಿ ಒಳಗೆ ಬಂದಳು.

"ಎರಡು ವರ್ಷದ ಹಿಂದೆ ಟೋಕಿಯೋದಿಂದ ನಂಗೊಂದು ಮೇಲ್ ಬಂದಿತ್ತು. ಅಳಿಸಿದ್ದು ನೀವಾ ಬಾಪಾ?"

"ಹೌದು."

"ಯಾಕೆ?"

"ನೀನು ಅದನ್ನು ಓದುದು ಬೇಡಾಂತ ಕಂಡಿತು."

ಜಲೀಲರು ಶಟರನ್ನು ಕೆಳಗೆಳೆದು, ಅವಳ ಕಡೆ ನೋಡದೆಯೇ ನಿಂತರು.

"ನನ್ನ ಹೆಸರಲ್ಲಿ ಬರೆದಿದ್ರೆ ನೀನು ನಂಬ್ತಿರ್ಲಿಲ್ಲ ಮಗಾ," ಎಂದರು. "ಅದಕ್ಕೇ ಓನೋ ಅಂತ ಬರೆದೆ."